ಮುಖದ ಹಾಜರಿ

ಸಿಂದಗಿಯ ಹೊರಗಿನ ಬೀಜದ ಗೋದಾಮಿಗೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದಂದಿನಿಂದ ಕಾಂತುವಿಗೆ ತನ್ನ ಮುಖದ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತ್ತು. ಇಂಡಿ ರಸ್ತೆಯ ತನ್ನ ಊರಿನಿಂದ ಬೈಕಿನಲ್ಲಿ ಬರುವಷ್ಟರಲ್ಲಿ ಮೆತ್ತಿಕೊಂಡಿದ್ದ ಎರೆಹೊಲದ ಧೂಳು ಕಂಡು ಯಂತ್ರ ಒಮ್ಮೆ ‘ಅಪರಿಚಿತ ವ್ಯಕ್ತಿ’ ಎಂದುಬಿಟ್ಟಿತ್ತು. ಅಂದಿನಿಂದ ಅವನು ಕೂಸುಗಳಿಗೆ ಒರೆಸುವ ಘಮಘಮ ವೈಪ್ಸ್ ಪಾಕೀಟು ಜೇಬಿನಲ್ಲಿಟ್ಟುಕೊಂಡು, ಗೇಟಿನ ಹೊರಗೆ ಮುಖ ತಿಕ್ಕಿ ಒರೆಸಿಕೊಂಡೇ ಒಳಗೆ ಹೋಗುತ್ತಿದ್ದ. ಮೊದಲು ಮುಖ ತುರಿಸಿತು, ಆಮೇಲೆ ಕೆಂಪಾಯಿತು. ಧೂಳು ಹೋಗಿಲ್ಲವೆಂದುಕೊಂಡು ಪುಣ್ಯಾತ್ಮ ಇನ್ನೂ ಜೋರಾಗಿ ತಿಕ್ಕಿದ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಎದ್ದರೆ ಕಣ್ಣು ಅರ್ಧವೂ ತೆರೆಯಲಿಲ್ಲ. ಮುಖ ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿತ್ತು. ಈ ತಿಂಗಳು ಒಂದು ಹಾಜರಿಯೂ ತಪ್ಪದಿದ್ದರೆ ನೌಕರಿ ಕಾಯಂ ಎಂದು ಮ್ಯಾನೇಜರ್ ಗುರಲಿಂಗಪ್ಪ ಮಾತು ಕೊಟ್ಟಿದ್ದರು. ಕಾಂತುವಿಗೆ ಅಳು ಬಂತು.

ಪಕ್ಕದ ಮನೆಯ ರೇವವ್ವ ಕೇಳದೆಯೇ ಕಂಬಳಿ ಹಿಡಿದು ಬಂದಳು. “ಪಿತ್ತದ ಗಂಧಿ ಎದ್ದಾವ ತಮ್ಮಾ. ಕಂಬಳಿಲೆ ತಿಕ್ಕಿದ್ರ ಇಳೀತಾವ.”

“ಬಿಡಬೇ ಆಯಿ, ಹಾಜರಿ ಹೊತ್ತಾತು.”

“ಹಾಜರಿ ಎಲ್ಲಿ ಓಡಿ ಹೋಗತೈತಿ?” ಎನ್ನುತ್ತ ಅವಳು ತಿಕ್ಕಿಯೇ ಬಿಟ್ಟಳು. ಉಬ್ಬಿದ್ದರ ಮೇಲೆ ಗೀರುಗಳೂ ಎದ್ದವು.

ಗೋದಾಮಿನ ಗೇಟಿನಲ್ಲಿ ಕಾವಲುಗಾರ ನಿಯಾಜ ಅಡ್ಡ ನಿಂತ. “ಯಾರ್ ಬೇಕಾಗಿತ್ರಿ?”

“ನಾನಲೇ, ಕಾಂತು.”

“ಕಾಂತು ಇನ್ನೂ ಬಂದಿಲ್ರಿ. ಕುಂದರ್ರಿ, ಬರ್ತಾನ.”

ಕಾಂತು ಎರಡು ಬೈಗುಳ ಬೈದ ಮೇಲೆ ನಿಯಾಜನಿಗೆ ದನಿಯ ಗುರುತು ಸಿಕ್ಕಿತು. ಯಂತ್ರಕ್ಕೆ ಬೈದರೂ ಉಪಯೋಗವಿರಲಿಲ್ಲ. ‘ಅಪರಿಚಿತ ವ್ಯಕ್ತಿ’ ಎಂದಿತು, ಮತ್ತೆ ನಿಂತರೆ ಮತ್ತೆ ಅದನ್ನೇ ಎಂದಿತು.

ಗುರಲಿಂಗಪ್ಪ ಹೊರಗೆ ಬಂದು ನೋಡಿದರು. “ನೀ ಕಾಂತು ಅಂತ ನನಗ ಗೊತ್ತೈತಿ. ಆದ್ರ ನನ್ನ ಗುರ್ತ ನಡಿಯಂಗಿಲ್ಲಪಾ, ಮಷೀನ ಗುರ್ತ ಹಿಡೀಬೇಕು.”

“ಸರ, ಹಳೇ ಮಾರಿ ತಗದು ಹೊಸಾ ಮಾರಿ ಹಾಕಿಬಿಡ್ರಿ,” ಎಂದ ನಿಯಾಜ.

ಮಾತು ಎಲ್ಲರಿಗೂ ಹಿಡಿಸಿತು. ಗುರಲಿಂಗಪ್ಪ ಹೆಡ್ಡಾಫೀಸಿಗೆ ಫೋನು ಮಾಡಿ ಬೇಡಿಕೊಂಡರು. ಹಳೆಯ ಮುಖ ಅಳಿಸಿ, ಉಬ್ಬಿದ ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಯಂತ್ರಕ್ಕೆ ತೋರಿಸಿದರು. ‘ಸ್ವಾಗತ, ಕಾಂತು’ ಎಂದಿತು ಯಂತ್ರ. ಕಾಂತುವಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ನಿಯಾಜನೇ ಅವನನ್ನು ಬೈಕಿನಲ್ಲಿ ಡಾಕ್ಟರ್ ಇರಮ ಅವರ ದವಾಖಾನೆಗೆ ಕರೆದೊಯ್ದ. ಅವರು ಅವನ ಜೇಬಿನ ವೈಪ್ಸ್ ಪಾಕೀಟಿನ ಬೆನ್ನು ಓದಿ ಹೇಳಿದರು: “ಇದು ಕೆಡಬಾರದಂತ ಔಷಧ ಹಾಕಿರ್ತಾರ. ಅದು ನಿಮ್ಮ ಚರ್ಮಕ್ಕ ಆಗಿಬರಂಗಿಲ್ಲ. ಬರೇ ನೀರಿಲೆ ಮಾರಿ ತೊಳಕೋರಿ.”

“ಅಂದ್ರ ಕೆಟ್ಟಿದ್ದ ಪಾಕೀಟಾದ್ರ ನಡೀತೈತೇನ್ರಿ ಮೇಡಂ?” ನಿಯಾಜ ಕಾಳಜಿಯಿಂದಲೇ ಕೇಳಿದ. ಡಾಕ್ಟರು ಅವನತ್ತ ನೋಡದೆ ಕಾಂತುವಿಗೆ ಸೂಜಿ ಮಾಡಿದರು.

ಸೂಜಿ ಒಳ್ಳೆಯದೇ ಇತ್ತು. ಊಟದ ಹೊತ್ತಿಗೆ ಕಣ್ಣು ತೆರೆದವು, ಸಂಜೆಗೆ ಬಾವು ಪೂರ್ತಿ ಇಳಿಯಿತು. ಚೀಲ ಹೊರುವವರೆಲ್ಲ ಬಂದು ನೋಡಿ ಸಂತೋಷಪಟ್ಟರು. ಗುರಲಿಂಗಪ್ಪ ಬೆನ್ನು ತಟ್ಟಿ, “ಹೋಗುವಾಗಿನ ಹಾಜರಿ ಒಂದ ಹಾಕಿಬಿಡು, ನಾಳಿಂದ ನೀ ಕಾಯಂ,” ಎಂದರು.

ಕಾಂತು ಬರಿ ನೀರಿನಲ್ಲಿ ಮುಖ ತೊಳೆದು, ಹುಟ್ಟಿದಂದಿನಿಂದ ಇದ್ದ ತನ್ನ ಸ್ವಂತ ಮುಖ ಹೊತ್ತು ಯಂತ್ರದ ಮುಂದೆ ನಿಂತ.

‘ಅಪರಿಚಿತ ವ್ಯಕ್ತಿ.’

ಗುರಲಿಂಗಪ್ಪ ಮತ್ತೆ ಫೋನು ಹಚ್ಚಿದರು. ವರ್ಷಕ್ಕೆ ಒಂದೇ ಸಲ ಮುಖ ಬದಲಿಸಲು ಬರುತ್ತದೆ, ಆ ಸಲ ಬೆಳಿಗ್ಗೆಯೇ ಮುಗಿದಿದೆ ಎಂದು ಹೆಡ್ಡಾಫೀಸಿನವರು ಫೋನಿಟ್ಟರು. ಗುರಲಿಂಗಪ್ಪ ಕೈಗಡಿಯಾರ ನೋಡಿಕೊಂಡರು. ಅವರಿಗೂ ಮನಸ್ಸಿಗೆ ಕೆಟ್ಟದೆನಿಸಿತ್ತು.

“ಗೋದಾಮ ಮುಚ್ಚಾಕ ಇನ್ನೂ ಹೊತ್ತೈತಿ ಕಾಂತು,” ಎಂದರು. “ಲಗೂನ ಹೋಗಿ ಮುಂಜಾನಿ ಮಾರಿ ತಗೊಂಡ ಬಾ.”