ಭಾವನ ಫರ್ನೇಸ್ ಪುರಾಣ

ಅಮೆರಿಕದ ತೆರಿಗೆ ಇಲಾಖೆಯನ್ನು ಮನಸಾರೆ ಪ್ರೀತಿಸುವ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರು ನನ್ನಕ್ಕನ ಗಂಡ! ಬೇರೆಯವರು ಬೆಳಗಿನ ಕಾಫಿಯ ಜೊತೆ ಪೇಪರ್ ಓದಿದರೆ ನಮ್ಮ ಭಾವ ತೆರಿಗೆ ಫಾರಂಗಳ ಸೂಚನೆ ಓದುತ್ತಾರೆ. ನಡುನಡುವೆ ನಗುತ್ತಾರೆ ಕೂಡ! ಅದರಲ್ಲಿ ನಗುವಂಥದ್ದೇನಿದೆಯೋ, ಆ ದೇವರೇ ಬಲ್ಲ.

ಒಮ್ಮೆ ನಮ್ಮ ಟೆಕ್ಸಾಸಿನ ಫುಲ್‌ಶೀರ್ ಎಂಬ ಊರಿನಲ್ಲಿ ಪರಿಚಯದವರ ಮಗುವಿನ ನಾಮಕರಣ. ನಾವೆಲ್ಲ ಮೂಗು ಯಾರದು, ಕಣ್ಣು ಯಾರದು ಎಂದು ನೋಡುತ್ತಿದ್ದರೆ ಭಾವ ಮಗುವಿನ ಅಪ್ಪನನ್ನು ಮೂಲೆಗೆ ಕರೆದರು.

"ಯಾವತ್ತು ಹುಟ್ಟಿದ್ದು?"

"ಡಿಸೆಂಬರ್ ಮೂವತ್ತೊಂದು, ಅಂಕಲ್."

"ಅಬ್ಬಾ! ಒಂದೇ ದಿನಕ್ಕೆ ಇಡೀ ವರ್ಷದ ತೆರಿಗೆ ವಿನಾಯಿತಿ! ಎಂಥಾ ಬುದ್ಧಿವಂತ ಮಗು ಕಣಯ್ಯಾ!"

ಅಜ್ಜಿ ತಕ್ಷಣ ಮಗುವನ್ನು ಒಳಗೆ ಎತ್ತಿಕೊಂಡು ಹೋಗಿ ದೃಷ್ಟಿ ತೆಗೆದರು.

ಇಂಥವರು 2013ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಹೊಸ ಫರ್ನೇಸ್ ಕೊಂಡರು. ಟೆಕ್ಸಾಸಿನಲ್ಲಿ ಫರ್ನೇಸಾ? ವರ್ಷದಲ್ಲಿ ಎಂಟು ತಿಂಗಳು ಊರೇ ಒಂದು ಫರ್ನೇಸಲ್ಲವೇ! ಆದರೆ ಆ ವರ್ಷ ಅಕ್ಕನಿಗೆ ದೊಡ್ಡ ಆಪರೇಷನ್ ಆಗಿತ್ತು. ಔಷಧಿಗಳ ದೆಸೆಯಿಂದ ಅವಳ ಕೈಕಾಲು ಮಂಜುಗಡ್ಡೆ. ಮೆಕಿನ್ನಿ ಊರಿನ ಅವರ ಮನೆಯ ಅಟ್ಟದಲ್ಲಿದ್ದ ಹಳೇ ಫರ್ನೇಸ್ ಗುರ್ರೆನ್ನುತ್ತಿತ್ತೇ ಹೊರತು ಮನೆ ಬೆಚ್ಚಗಾಗುತ್ತಿರಲಿಲ್ಲ. ಅಕ್ಕನೋ ಹಟಮಾರಿ.

"ನನ್ನೊಬ್ಬಳಿಗೋಸ್ಕರ ಹೊಸದಾ? ಆಸ್ಪತ್ರೆಗೆ ಸುರಿದಿದ್ದು ಸಾಲದಾ? ಶಾಲು ಇದೆ, ಸುಮ್ನಿರಿ."

ಭಾವ ಒಂದು ವಾರ ಸುಮ್ಮನಿದ್ದರು. ಎಂಟನೇ ದಿನ ಕುಣಿಯುತ್ತಾ ಬಂದರು. "ಲೇ, ಇಂಧನ ಉಳಿಸೋ ಫರ್ನೇಸ್ ಹಾಕಿಸಿದ್ರೆ ಟ್ಯಾಕ್ಸ್ ಕ್ರೆಡಿಟ್ ಕಣೇ, ಕಟ್ಟೋ ತೆರಿಗೇಲಿ ದುಡ್ಡು ವಾಪಸ್! ನೂರಕ್ಕೆ ತೊಂಬತ್ತೈದು ಎಫಿಷಿಯೆನ್ಸಿ ಇರಬೇಕಷ್ಟೆ. ಸರ್ಕಾರವೇ ಕರೆದು ಕೊಡ್ತಿದೆ!"

"ಹೌದಾ? ಕೊಡ್ತಾರೆ ಅಂದ್ಮೇಲೆ ಬಿಡೋದ್ಯಾಕೆ, ಹಾಕಿಸಿ," ಎಂದಳು ಅಕ್ಕ. ಬಿಟ್ಟಿ ಎಂದರೆ ನಮ್ಮ ಮನೆತನವೇ ಹಾಗೆ!

ಫರ್ನೇಸ್ ಬಂದ ದಿನ ಆಸ್ಟಿನ್‌ನಿಂದ ನಾನೂ ಹೋಗಿದ್ದೆ. ಪೆಟ್ಟಿಗೆ ಬಿಚ್ಚುವ ಮೊದಲೇ ಭಾವ ಕ್ರೆಡಿಟ್ಟಿಗೆ ಬೇಕಾದ ತಯಾರಕರ ಸರ್ಟಿಫಿಕೇಟ್ ಕೇಳಿದರು. ಕೂರಿಸಲು ಬಂದಿದ್ದವನು ಇಪ್ಪತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ ಎಂದ. ಸರ್ಟಿಫಿಕೇಟ್ ನೇರ ದೇವರ ಮನೆಗೆ ಹೋಯಿತು, ಅರಿಶಿನ ಕುಂಕುಮ ಹಚ್ಚಿಸಿಕೊಂಡಿತು. ಆಮೇಲೆ ಪಂಚೆ ಎತ್ತಿ ಕಟ್ಟಿ, ಆರತಿ ತಟ್ಟೆ ಹಿಡಿದು ಭಾವ ಅಟ್ಟ ಹತ್ತಿದರು, ಕುಂಕುಮದ ಬಟ್ಟಲು ಹಿಡಿದು ಹಿಂದೆ ನಾನು. ಹೊಸ ಕಾರಿಗೆ ಪೂಜೆ ಮಾಡುವವರು ಫರ್ನೇಸಿಗೆ ಬಿಡುತ್ತಾರೆಯೇ?

"ಕುಂಕುಮ ಲೇಬಲ್ ಮೇಲೆ ಬೇಡಮ್ಮಾ, ಆಡಿಟ್‌ನವರು ಬಂದ್ರೆ ಓದೋಕಾಗ್ಬೇಕು!" ಎನ್ನುತ್ತಾ ಕರ್ಪೂರಕ್ಕೆ ಕಡ್ಡಿ ಗೀರಲು ಹೊರಟರು.

"ನೋ ನೋ ಸರ್! ಗ್ಯಾಸ್! ಗ್ಯಾಸ್!" ಎಂದು ಕಿರುಚಿ ಫರ್ನೇಸ್ ಕೂರಿಸುತ್ತಿದ್ದ ಪುಣ್ಯಾತ್ಮ ಕಡ್ಡಿಪೆಟ್ಟಿಗೆ ಕಿತ್ತುಕೊಂಡ. ಕೊನೆಗೆ ಟಾರ್ಚ್ ಬೆಳಕಿನಲ್ಲೇ ಆರತಿ ಆಯಿತು. ಮೂರು ಸುತ್ತು, ಗಂಟೆ ಸಮೇತ!

ಫೆಬ್ರವರಿಯಲ್ಲಿ ಮತ್ತೆ ಹೋದಾಗ ಮನೆ ಹಿತವಾಗಿ ಬೆಚ್ಚಗಿತ್ತು. ಭಾವ ತೆರಿಗೆ ಫಾರಂ ತುಂಬುತ್ತಿದ್ದರು. ತಮಾಷೆಗೆಂದು ಪಕ್ಕದಲ್ಲಿ ಕೂತು ಹಳೇ ಕಾಗದ ತಿರುವಿ ಹಾಕಿದೆ. ಮೂರು ವರ್ಷದ ಹಿಂದೆ ಕಿಟಕಿ ಬದಲಾಯಿಸಿದಾಗಲೇ ಇದೇ ಕ್ರೆಡಿಟ್ ತೆಗೆದುಕೊಂಡಿದ್ದರು! ಅದಕ್ಕೆ ಜೀವಮಾನಕ್ಕೆಲ್ಲ ಸೇರಿ ಇಷ್ಟೇ ಎಂಬ ಮಿತಿ ಇದೆ ಎಂದು ಸೂಚನೆಯಲ್ಲೇ ಬರೆದಿತ್ತು.

"ಭಾವ, ನಿಮ್ಮ ಮಿತಿ ಕಿಟಕಿಗೇ ಮುಗಿದುಹೋಗಿದೆ! ಫರ್ನೇಸಿಗೆ ಒಂದು ಡಾಲರೂ ಬರಲ್ಲ!"

ಭಾವ ಎದ್ದು ಹೋಗಿ ಬಾಗಿಲು ಮುಚ್ಚಿದರು.

"ಮೆತ್ತಗೆ ಮಾತಾಡಮ್ಮ. ನಂಗೆ ಗೊತ್ತಿಲ್ವಾ?"

"ಗೊತ್ತಿದ್ದೂ...?"

"ನಿಮ್ಮಕ್ಕ ತನಗೇಂತ ಏನನ್ನೂ ತಗೊಳ್ಳೋಳಲ್ಲ. ಸರ್ಕಾರ ಕೊಡುತ್ತೆ ಅಂದಿದ್ದಕ್ಕೆ ತಗೊಂಡ್ಲು."

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕನ ದನಿ. "ಏನ್ರೀ, ಆ ಫರ್ನೇಸಿನ ದುಡ್ಡು ಸಿಗುತ್ತೇನ್ರೀ?"

"ಸಿಕ್ತು ಕಣೇ, ಪೂರ್ತಿ ಸಿಕ್ತು!"

ಯಾವ ಫಾರಂನಲ್ಲೂ ಒಂದು ಸುಳ್ಳು ಅಂಕಿ ಬರೆಯದ ಮನುಷ್ಯ! ನನಗೆ ಅಳು ಬಂತು. ಭಾವ ಮಾತ್ರ ಕನ್ನಡಕ ಸರಿಮಾಡಿಕೊಂಡು, ಫರ್ನೇಸಿನ ಸಾಲಿನಲ್ಲಿ ಅಚ್ಚುಕಟ್ಟಾಗಿ ಸೊನ್ನೆ ಬರೆದರು.