ಲೋಳೆ ಬಿಡದ ಸಬ್ಬಕ್ಕಿ

ಗೊತ್ತಿರುವ ಕೆಲಸವೊಂದಿದ್ದರೆ ಗೊತ್ತಿಲ್ಲದ ಕೆಲಸಗಳೆಲ್ಲ ಅದರ ತಮ್ಮಂದಿರ ಹಾಗೆ ಕಾಣುತ್ತವೆ. ನನಗೆ ಗೊತ್ತಿರುವುದು ಕಾಫಿ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಬಂದ ಬೀಜವನ್ನು ರಾತ್ರಿಯೆಲ್ಲ ತೊಟ್ಟಿಯಲ್ಲಿ ಬಿಟ್ಟು, ಬೆಳಿಗ್ಗೆ ನೀರು ಬದಲಿಸುತ್ತಾ ಉಜ್ಜಿ ತೊಳೆಯಬೇಕು. ಮುಷ್ಟಿಯಲ್ಲಿ ಹಿಡಿದರೆ ಲೋಳೆಯೆಲ್ಲ ಹೋಗಿ ಗರಗರ ಎನ್ನಬೇಕು. ಈ ವಿದ್ಯೆಯಲ್ಲಿ ಮೂಡಿಗೆರೆ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ನನಗಿಲ್ಲ.

ಆ ವರ್ಷ ನನ್ನ ಹೆಂಡತಿ ಸರೋಜಳಿಗೆ ಗೋಣಿಬೀಡಿನ ಶಿಶುವಿಹಾರದಲ್ಲಿ ಟೀಚರ್ ಕೆಲಸ ಸಿಕ್ಕಿತು. ಮದುವೆಯಾದಾಗಿನಿಂದ ಅವಳು ಆಸೆಪಟ್ಟ ಕೆಲಸ. ಸೇರಿದ ವಾರವೇ ಏಕಾದಶಿ ಬರಬೇಕೆ! ನನ್ನ ಅಮ್ಮ ಅಂದು ಅನ್ನ ಮುಟ್ಟುವುದಿಲ್ಲ. ಮಧ್ಯಾಹ್ನ ಸಬ್ಬಕ್ಕಿ ಉಪ್ಪಿಟ್ಟು, ಅಷ್ಟೆ. ಅವರ ಕೈ ನಡುಗುವುದರಿಂದ ಒಲೆಯ ಕೆಲಸವೆಲ್ಲ ಸರೋಜಳದ್ದೇ. "ಅದೇನು ಮಹಾ, ನಾನು ಮಾಡ್ತೀನಿ" ಎಂದು ಹಿಂದಿನ ದಿನವೇ ಜಂಬ ಕೊಚ್ಚಿ, ಕಾಫಿಯ ಹಾಗೆಯೇ ರಾತ್ರಿ ಸಬ್ಬಕ್ಕಿ ನೆನೆಹಾಕಿದೆ.

"ಅಮ್ಮ ಹಸ್ಕೊಂಡಿದ್ರು ಅಂತ ಗೊತ್ತಾದ್ರೆ ನಾಳೆಯಿಂದ ನಾನು ಹೋಗೋದಿಲ್ಲ, ನೋಡಿ" ಎಂದು ಹೇಳಿಯೇ ಬೆಳಿಗ್ಗೆ ಸರೋಜ ಬಸ್ಸು ಹತ್ತಿದಳು. ಅವಳು ಹೇಳಿದರೆ ಹೇಳಿದ ಹಾಗೆ.

ಸಬ್ಬಕ್ಕಿ ನೆನೆಸಿದ ಬೋಸಿಗೆ ಕೈ ಹಾಕಿದರೆ, ಅಯ್ಯೋ, ಬರೀ ಲೋಳೆ! ಲೋಳೆ ತೆಗೆಯುವುದನ್ನು ನನಗೆ ಯಾರು ಹೇಳಿಕೊಡಬೇಕು? ಉಜ್ಜಿದೆ. ನೀರು ಬದಲಿಸಿದೆ. ಮತ್ತೆ ಉಜ್ಜಿದೆ. ಗರಗರ ಎನ್ನುವುದು ಹಾಗಿರಲಿ, ಕಾಳೇ ಕಾಣದಾಯಿತು. ಅರ್ಧ ಸಬ್ಬಕ್ಕಿ ಬಚ್ಚಲು ಸೇರಿತ್ತು, ಉಳಿದದ್ದು ಗೋಡೆಗೆ ಪೋಸ್ಟರ್ ಹಚ್ಚುವ ಅಂಟಿನಂತೆ ಕೂತಿತ್ತು. ಮನೆಯಲ್ಲಿ ಬೇರೆ ಸಬ್ಬಕ್ಕಿ ಇರಲಿಲ್ಲ. ಬಸ್ಸು ಹತ್ತುವಾಗ ಸರೋಜಳ ಮುಖದಲ್ಲಿದ್ದ ಖುಷಿ ನೆನಪಾಗಿ ನನಗೆ ನಿಜಕ್ಕೂ ಸಂಕಟವಾಯಿತು.

ಅಮ್ಮ ಬಂದು ಇಣುಕಿದರು. "ಏನೋ ಮಾಡ್ತಿದ್ದೀಯ?"

"ಲೋಳೆ ತೆಗೀತಿದ್ದೀನಿ."

ಅಮ್ಮ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಲೋಳೆ ತೆಗೆದ್ರೆ ಸಬ್ಬಕ್ಕಿಲಿ ಇನ್ನೇನು ಉಳಿಯುತ್ತೆ, ಮಾರಾಯ! ಒಲೆ ಮೇಲಿಡು. ಬೆಲ್ಲ ಹಾಕು. ಕಾಯಿಹಾಲು ಹಿಂಡು. ತಳ ಹಿಡಿಯುತ್ತೆ, ಕೈ ಆಡಿಸ್ತಾ ಇರು."

ಹೇಳಿದಂತೆ ಮಾಡಿದೆ. ಏಲಕ್ಕಿ ಬಿದ್ದಮೇಲೆ ಅಂಟಿಗೂ ಒಂದು ಮರ್ಯಾದೆ ಬಂತು. ಅಮ್ಮ ಎರಡು ಲೋಟ ಕುಡಿದರು.

ಸಂಜೆ ಚಪ್ಪಲಿ ಬಿಡುವ ಮೊದಲೇ ಸರೋಜ, "ಅಮ್ಮ, ಉಪ್ಪಿಟ್ಟು ತಿಂದ್ರಾ?" ಎಂದಳು.

"ಉಪ್ಪಿಟ್ಟು ಯಾರಿಗ್ಬೇಕು? ನನ್ನ ಮಗ ಪಾಯಸ ಮಾಡಿದ. ಇನ್ಮೇಲೆ ಏಕಾದಶಿ ಅಡುಗೆ ಅವಂದೇ. ನೀನು ನಾಳೆ ಬಸ್ಸು ತಪ್ಪಿಸ್ಬೇಡ" ಎಂದರು ಅಮ್ಮ.

ಸರೋಜ ಆಮೇಲೆ ಯಾವತ್ತೂ ಬಸ್ಸು ತಪ್ಪಿಸಲಿಲ್ಲ. ನಾನೂ ಉಪ್ಪಿಟ್ಟು ಉದುರುದುರಾಗಿ ಮಾಡುವುದನ್ನು ಕಲಿತೆ. ಆದರೂ ನೆನೆದ ಸಬ್ಬಕ್ಕಿಗೆ ಕೈ ಹಾಕಿದೊಡನೆ ಬೆರಳುಗಳು ತಾವಾಗಿಯೇ ಉಜ್ಜಲು ಹೊರಡುತ್ತವೆ. ಅಮ್ಮನಿಗೆ ಅದು ಜಗಲಿಯಲ್ಲಿ ಕೂತೇ ಹೇಗೆ ಗೊತ್ತಾಗುತ್ತದೋ, ಅಲ್ಲಿಂದಲೇ ಕೂಗುತ್ತಾರೆ:

"ಸಾಕೋ, ಅದು ಕಾಫಿ ಅಲ್ಲ!"