ಒಂಬತ್ತನೇ ಬಾಗಿಲಿನ ತೋಳ

ಎರಡು ತಿಂಗಳ ಹಿಂದೆ, ಒಂದು ಶನಿವಾರ ಮಧ್ಯಾಹ್ನ, ಮನೆ ಕಡೆಯ ಬಸ್ಸು ಹೊರಡಲು ಏಳು ನಿಮಿಷ ಇರುವಾಗ ಟಿಕ್ಕಣ್ಣ ಒಂದು ಸುಳ್ಳು ಟಿಕ್ ಹಾಕಿದ. ಎರಡೇ ಗೆರೆ. ಒಂದು ಗಿಡ್ಡ, ಒಂದು ಉದ್ದ. ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ದೊಡ್ಡ ಸುಳ್ಳು ಹೇಳುವ ಸೌಕರ್ಯ ಯಾವ ಭಾಷೆಯಲ್ಲೂ ಇಲ್ಲ.

ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಆಫೀಸಿಗೆಲ್ಲ ಅವನು ಟಿಕ್ಕಣ್ಣ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿದ್ದ ಪುಟ್ಟ ವಿಡಿಯೋ ಗೇಮ್ ಕಂಪನಿಯಲ್ಲಿ ಅವನು ಪರೀಕ್ಷಕ. ಅಂದರೆ ಬೇರೆಯವರು ಮಾಡಿದ ಆಟವನ್ನು ದಿನವಿಡೀ ಆಡಿ, ಸರಿ ಇದೆಯೋ ಇಲ್ಲವೋ ಹೇಳುವ ಕೆಲಸ. ಲೋಕಕ್ಕೆಲ್ಲ ಕೆಲಸ ಬಿಟ್ಟು ಆಡಿದರೆ ಬೈಗುಳ. ಇವನಿಗೆ ಆಡುವುದು ಬಿಟ್ಟರೆ ಬೈಗುಳ.

ಆಗ ತಯಾರಾಗುತ್ತಿದ್ದ ಆಟದ ಹೆಸರು ‘ಗುಡುಗಪ್ಪನ ಸುತ್ತಿಗೆ’. ಉತ್ತರ ಯುರೋಪಿನ ನಾರ್ಸ್ ಪುರಾಣದ ದೇವರುಗಳನ್ನೆಲ್ಲ ಎಳೆದು ತಂದು ಮಾಡಿದ ತಮಾಷೆಯ ಒಗಟಿನ ಆಟ. ಗುಡುಗಿನ ದೇವರು ಥೋರ್ ತನ್ನ ಸುತ್ತಿಗೆ ಎಲ್ಲಿಟ್ಟೆ ಅಂತ ಮರೆತು ಕೂತಿದ್ದಾನೆ. ಅವನ ಆಡು ಮೇಯಿಸುವ ಆಳು ಒಂಬತ್ತು ಲೋಕ ಅಲೆದು, ಒಂಬತ್ತು ಬಾಗಿಲು ದಾಟಿ ಅದನ್ನು ಹುಡುಕಿ ತರಬೇಕು. ಬೇಕೆಂದೇ ಮೂವತ್ತು ವರ್ಷ ಹಳೆಯ ಆಟದ ಹಾಗೆ ಮಾಡಿದ್ದು: ಚೌಕ ಚೌಕ ಚುಕ್ಕಿಗಳ ಚಿತ್ರ, ಕೀಂಯ್ ಪೀಂಯ್ ಸಂಗೀತ. ದೇವರುಗಳ ಹಿರಿಯ ಓಡಿನ್ ಮುಚ್ಚಳ ಓರೆಯಾದ ಸಕ್ಕರೆ ಡಬ್ಬಿಯಂತೆ ಕಾಣುತ್ತಿದ್ದ. ಹೆಸರು ಓಡಿನ್ ಆದರೂ ಇಡೀ ಆಟದಲ್ಲಿ ಒಂದು ಹೆಜ್ಜೆ ಓಡಿದವನಲ್ಲ.

ಕಂಪನಿಯಲ್ಲಿ ಒಂದು ಪದ್ಧತಿ. ಗೋಡೆಯ ಮೊಳೆಗೆ ದಾರ ಕಟ್ಟಿ ನೇತು ಹಾಕಿದ ನೋಟ್‌ಬುಕ್ಕಿಗೆ ಬಾಗಿಲು ಪುಸ್ತಕ ಎಂದು ಹೆಸರು. ಒಂದೊಂದು ಬಾಗಿಲನ್ನೂ ಪರೀಕ್ಷಕ ಆಡಿ, ದಾಟಿ, ಅದರ ಮುಂದೆ ಟಿಕ್ ಹಾಕಬೇಕು. ಟಿಕ್ ಬಿದ್ದ ಬಾಗಿಲನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ಸುಳ್ಳು ಟಿಕ್ ಹಾಕಿದವನು ಅವತ್ತೇ ಮನೆಗೆ. ಹಿಂದಿನ ಪರೀಕ್ಷಕ ಹಾಗೇ ಹೋದವನು, ಟೀ ಲೋಟ ತೆಗೆದುಕೊಳ್ಳಲೂ ತಿರುಗಿ ಬರಲಿಲ್ಲ.

ಒಂಬತ್ತನೇ ಬಾಗಿಲು ಕಾಯುವುದು ಒಂದು ತೋಳ. ಸರಪಳಿಗೆ ಬಗ್ಗದ ಆ ತೋಳವನ್ನು ಕಟ್ಟಲು ಒಂದೇ ಹಗ್ಗ, ಅದನ್ನು ಹೊಸೆಯಲು ಆರು ಸಾಮಾನು: ಬೆಕ್ಕಿನ ಹೆಜ್ಜೆ ಸಪ್ಪಳ, ಮೀನಿನ ಉಸಿರು, ಹಕ್ಕಿಯ ಎಂಜಲು, ಕರಡಿಯ ನರ, ಬೆಟ್ಟದ ಬೇರು, ಹೆಂಗಸಿನ ಗಡ್ಡ. ಮೊಲದ ಕೊಂಬು, ಆಕಾಶದ ಹೂವು ಅಂತ ಪಟ್ಟಿ ಮಾಡಿದ ನಮ್ಮ ಹಿರಿಯರ ಚಿಕ್ಕಪ್ಪನ ಮಕ್ಕಳು ಯಾರೋ ಅತ್ತ ಕಡೆ ವಲಸೆ ಹೋಗಿದ್ದಿರಬೇಕು.

ಟಿಕ್ಕಣ್ಣನಿಗೆ ಐದು ಸಿಕ್ಕಿದ್ದವು. ಗಡ್ಡ ಸಿಕ್ಕಿರಲಿಲ್ಲ. ಸೋಮವಾರ ಬಂದು ಹುಡುಕಿದರಾಯಿತು ಎಂದು ಟಿಕ್ ಹಾಕಿ ಬಸ್ಸು ಹಿಡಿದಿದ್ದ. ಅಂಥ ಸೋಮವಾರಗಳು ಎಂಟು ಬಂದು ಹೋದವು. ಊಟದ ಹೊತ್ತಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗುಟ್ಟಾಗಿ ಹುಡುಕಿದ. ಒಂಬತ್ತು ಲೋಕದ ಹೆಂಗಸರ ಗಲ್ಲವನ್ನೆಲ್ಲ ಪರೀಕ್ಷಿಸಿದ. ಒಂದು ಕೂದಲೂ ಸಿಗಲಿಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಯಜಮಾನರು ಅವನ ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು.

"ಏನ್ರೀ ಟಿಕ್ಕಣ್ಣ, ನಾಲ್ಕು ಗಂಟೆಗೆ ವಿತರಕರು ಬರ್ತಿದಾರೆ. ಸಹಿ ಹಾಕಿದ್ರೆ ನಮ್ಮ ಆಟ ಎಲ್ಲಾ ಅಂಗಡೀಲೂ ಇರುತ್ತೆ. ಅವರ ಎದುರಿಗೆ ನೀವೇ ಕೂತು ಒಂಬತ್ತನೇ ಬಾಗಿಲು ದಾಟಿ, ಕೊನೇ ದೃಶ್ಯ ತೋರಿಸ್ಬಿಡಿ."

"ನಾ... ನಾನಾ ಸಾರ್?"

"ಮತ್ತೆ ನಾನಾ? ದಾಟಿರೋರು ನೀವು ತಾನೇ?"

ಟಿಕ್ಕಣ್ಣ ಗೋಡೆಯ ಗಡಿಯಾರ ನೋಡಿದ. ಎದುರಿಗೆ ಆರು ಗಂಟೆಗಳ ಹೊತ್ತು, ಒಂದು ತೋಳ, ಇಲ್ಲದ ಒಂದು ಗಡ್ಡ.

ನೇರವಾಗಿ ಕೇಳಿದರೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಬಳಸಿ ಕೇಳುವುದು ಎಂದು ತೀರ್ಮಾನಿಸಿ, ಮೊದಲು ಆಟಕ್ಕೆ ಚಿತ್ರ ಬರೆಯುವ ಚಿತ್ರಕ್ಕನ ಬಳಿ ಹೋದ.

"ಅಕ್ಕಾ, ಸುಮ್ನೆ ಒಂದು ಮಾತಿಗೆ ಕೇಳ್ತೀನಿ. ನೀವು ಆಡೋದಾದ್ರೆ ಗಡ್ಡ ಹೆಂಗೆ ತಗೋತೀರಿ?"

ಚಿತ್ರಕ್ಕ ಕತ್ತೆತ್ತದೆ ಹೇಳಿದಳು, "ಅದೇನು ಬ್ರಹ್ಮವಿದ್ಯೆನಾ? ಕುಳ್ಳರ ಹಳ್ಳೀಲಿ ಕಮ್ಮಾರನ ಹೆಂಡ್ತಿ ಇದಾಳಲ್ಲ, ಅವಳಿಗೆ ಕನ್ನಡಿ ಕೊಟ್ರಾಯ್ತು. ಮುಖ ನೋಡ್ಕೊಂಡು ನಾಚ್ಕೊಂಡು ಕತ್ತರಿಸಿ ಕೊಡ್ತಾಳೆ."

"ಗ್ಯಾರಂಟಿನಾ ಅಕ್ಕಾ?"

"ಏ, ನಾನೇ ಬರ್ದಿರೋ ಮುಖ ಕಣೋ ಅದು!"

ಟಿಕ್ಕಣ್ಣ ಹೋಗಿ ಕನ್ನಡಿ ಕೊಟ್ಟ. ಕಮ್ಮಾರನ ಹೆಂಡತಿ ನೋಡಿಕೊಂಡಳು. ತನ್ನ ಮುಖ ತನಗೇ ಮೆಚ್ಚುಗೆಯಾಗಿ, ಕುಲುಮೆಯ ಬಾಗಿಲು ಎಳೆದುಕೊಂಡು ಕನ್ನಡಿಯ ಜತೆ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ‘ಅಂಗಡಿ ಮುಚ್ಚಿದೆ’ ಎಂಬ ಫಲಕ ಬಿತ್ತು. ಹಗ್ಗ ಹೊಸೆಯುವ ರಾಟೆ ಇದ್ದದ್ದು ಅದೇ ಅಂಗಡಿಯೊಳಗೆ.

ಹನ್ನೆರಡೂವರೆಗೆ ಸದ್ದು ಮಾಮನ ಕೋಣೆಗೆ ನುಗ್ಗಿದ. ಸದ್ದು ಮಾಮ ಆಟಕ್ಕೆ ಸಂಗೀತ, ಸಪ್ಪಳ ಕೂಡಿಸುವ ಹಿರಿಯರು. ಕೆಳಗಿನ ಹಲ್ಲಿನ ಡಾಕ್ಟರು ಯಂತ್ರ ಶುರು ಮಾಡಿದಾಗಲೆಲ್ಲ ಮೈಕನ್ನು ನೆಲಕ್ಕೆ ಒತ್ತಿ ಹಿಡಿದು ಡ್ರ್ಯಾಗನ್ನಿನ ಕೂಗನ್ನು ಪುಕ್ಕಟೆಯಾಗಿ ಪಡೆಯುತ್ತಿದ್ದರು.

"ಮಾಮಾ, ಮುಚ್ಚಿದ ಅಂಗಡಿ ತೆಗೆಸೋಕೆ, ಗಡ್ಡ ತೆಗೆಸೋಕೆ ಏನಾದ್ರೂ ಉಪಾಯ..."

"ಗಡ್ಡ ತೆಗೆಸೋಕೆ ಕ್ಷೌರದಂಗಡಿಗೆ ಹೋಗಯ್ಯ."

"ಆಟದಲ್ಲಿ ಮಾಮಾ."

"ಓ, ಅದಾ! ಕಾಮನಬಿಲ್ಲಿನ ಸೇತುವೆ ಮೇಲೆ ಕಾವಲುಗಾರ ಒಬ್ಬ ಕೊಂಬು ಹಿಡ್ಕೊಂಡು ನಿಂತಿರ್ತಾನಲ್ಲ, ಅದನ್ನ ಇಸ್ಕೊಂಡು ಮೂರು ಸಲ ಊದು. ಎಲ್ಲಾ ಬಾಗ್ಲೂ ತಾವೇ ತೆಗೀತವೆ. ಆ ಕೊಂಬಿನ ಸದ್ದು ನಂದೇ, ನಂಗೊತ್ತಿಲ್ವಾ?"

ಟಿಕ್ಕಣ್ಣ ಕೊಂಬು ಊದಿದ. ಒಂದು. ಎರಡು. ಮೂರು. ಬಾಗಿಲೇನೋ ತೆಗೆಯಿತು, ಆದರೆ ಅದು ಪ್ರಳಯದ್ದು. ಆ ಪುರಾಣದಲ್ಲಿ ಕೊಂಬು ಊದುವುದೇ ಲೋಕ ಮುಗಿಯಿತೆಂದು ಸಾರುವುದಕ್ಕೆ. ಸೂರ್ಯ ಪುಟಕ್ಕನೆ ಆರಿಹೋದ, ಸಮುದ್ರ ಮೇಲೆದ್ದಿತು, ಓಡಿನ್ ಕೂತಲ್ಲೇ ತೇಲಿಹೋದ. ‘ಎಲ್ಲರೂ ಸತ್ತರು. ಮತ್ತೆ ಆಡುವಿರಾ?’ ಎಂದು ಪರದೆ ವಿನಯದಿಂದ ಕೇಳಿತು. ಒಟ್ಟು ಮಾಡಿದ್ದ ಐದು ಸಾಮಾನೂ ನೀರುಪಾಲು. ಆರನೇ ಬಾಗಿಲಿನಿಂದ ಮತ್ತೆ ಶುರು.

ಬೆರಳು ಮುರಿಯುವಂತೆ ಗುಂಡಿ ಒತ್ತಿ, ಊಟ ಬಿಟ್ಟು, ಮೂರು ಗಂಟೆಗೆ ಮತ್ತೆ ತೋಳದ ಮುಂದೆ ಬಂದು ನಿಂತ. ಕೈಯಲ್ಲಿ ಅದೇ ಐದು ಸಾಮಾನು. ಇನ್ನು ಉಳಿದದ್ದು ಆಟವನ್ನು ಬರೆದವನೇ. ಅವನು ಕೋಡಣ್ಣ, ಆಟದ ಕೋಡ್ ಬರೆಯುವ, ಕಂಪನಿಯ ಒಬ್ಬನೇ ಪ್ರೋಗ್ರಾಮರ್.

"ಲೋ ಕೋಡಣ್ಣ, ಗಡ್ಡ ಎಲ್ಲಿಟ್ಟಿದೀಯೋ?"

ಕೋಡಣ್ಣ ಒಂದು ಕ್ಷಣ ಸೀಲಿಂಗ್ ನೋಡಿದ. "ಗಡ್ಡ... ಗಡ್ಡ ಯಾರಿಗಿರುತ್ತೆ? ಆಡಿಗಿರುತ್ತೆ. ಹೆಣ್ಣು ಆಡೂ ಹೆಣ್ಣೇ ತಾನೇ? ಥೋರ್ ಆಡಿನ ಗಡ್ಡ ಕತ್ತರಿಸು. ಬಲು ಸೂಕ್ಷ್ಮವಾದ ಒಗಟು ಅದು."

ಟಿಕ್ಕಣ್ಣ ಆಡಿನ ಗಡ್ಡಕ್ಕೆ ಕತ್ತರಿ ಹಾಕಿದ. ಆಡು ಅರಚಿತು. ಗುಡುಗಪ್ಪ ಗುಡುಗಿದ, ಸುತ್ತಿಗೆ ಇಲ್ಲದ್ದರಿಂದ ಕೈಗೆ ಸಿಕ್ಕ ಮೇಕೆಗೂಟವನ್ನೇ ಎತ್ತಿ ಬಿಟ್ಟ. ಆಡು ಮೇಯಿಸುವ ಆಳು ಹನ್ನೆರಡು ಚೌಕಗಳಾಗಿ ಚದುರಿ, ಒಂಬತ್ತನೇ ಬಾಗಿಲಿನ ಹತ್ತಿರದ ದೊಡ್ಡ ಮರದ ಬುಡದಲ್ಲಿ ಮತ್ತೆ ಕೂಡಿಕೊಂಡ. ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು.

ಟಿಕ್ಕಣ್ಣ ಎದ್ದು ಮೂವರನ್ನೂ ತನ್ನ ಕೋಣೆಗೆ ಕರೆತಂದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಚಿತ್ರಕ್ಕ, ಸದ್ದು ಮಾಮ, ಕೋಡಣ್ಣ ಮೂವರೂ ಅವನತ್ತ ತಿರುಗಿದರು.

"ಕೇಳ್ರಪ್ಪಾ, ನಾನು ಒಂಬತ್ತನೇ ಬಾಗಿಲು ದಾಟೇ ಇಲ್ಲ. ಟಿಕ್ ಸುಳ್ಳು. ಬಸ್ಸು ಹೋಗ್ತಿತ್ತು, ಹಾಕ್ಬಿಟ್ಟೆ. ಎರಡು ತಿಂಗಳಿಂದ ಆ ಹಾಳು ಗಡ್ಡ ಹುಡುಕ್ತಿದೀನಿ. ನಾನೊಬ್ಬ ದಡ್ಡ, ನಂಗೆ ಸಿಗ್ತಿಲ್ಲ. ಇನ್ನು ಇಪ್ಪತ್ತು ನಿಮಿಷಕ್ಕೆ ನನ್ನ ಕೆಲಸ ಹೋಗುತ್ತೆ."

ಕೋಡಣ್ಣನ ಮುಖ ಒಡೆದ ಹಾಲಿನಂತಾಯಿತು. "ದಾಟಿಲ್ವಾ? ಅಯ್ಯೋ ಪಾಪಿ! ತಂಗಿ ಮದುವೆ ಮುಗಿಸ್ಕೊಂಡು ಬಂದು ನೋಡ್ತೀನಿ, ಒಂಬತ್ತನೇ ಬಾಗಿಲಿಗೆ ಟಿಕ್ ಬಿದ್ದಿದೆ! ನಾನು ರಜದಲ್ಲಿದ್ದಾಗ ಯಾರೋ ಹೊರಗಿನವ್ರ ಕೈಲಿ ಮಾಡಿಸಿದಾರೆ ಅಂದ್ಕೊಂಡು ನಾನು ಆ ಗಡ್ಡ ಬರೀಲೇ ಇಲ್ವಲ್ಲೋ!"

"ಬರೀಲಿಲ್ವಾ?"

"ಗಡ್ಡ ಇಲ್ಲ. ಬಾಗಿಲ ಹಿಂದೆ ಏನೂ ಇಲ್ಲ."

"ಮೊಲಕ್ಕೆ ಕೋಡಿಲ್ಲ ಅಂತಿದ್ರು," ಸದ್ದು ಮಾಮ ಗೊಣಗಿದರು, "ಈಗ ತೋಳಕ್ಕೂ ಕೋಡಿಲ್ಲ."

"ನೀವು ಸುಮ್ನಿರಿ ಮಾಮಾ," ಎಂದಳು ಚಿತ್ರಕ್ಕ. ಅವಳ ದನಿ ಸಣ್ಣದಾಗಿತ್ತು. "ಕೊನೇ ದೃಶ್ಯದ ಚಿತ್ರ ನಾನೂ ಬರ್ದಿಲ್ಲ. ಟಿಕ್ ನೋಡ್ದೆ. ಹಳೇ ಚಿತ್ರಾನೇ ತಿರುಗಿಸಿ ಮುರುಗಿಸಿ ಹಾಕ್ಕೊಂಡಿದಾರೆ ಅಂದ್ಕೊಂಡೆ. ನಿಮ್ದು?"

"ನನ್ನ ಹತ್ರ ಸಂಗೀತ ಕೇಳ್ಲೇ ಇಲ್ವಲ್ಲಮ್ಮ. ಕೊನೇಲಿ ಮೌನ ಇಟ್ಟಿದಾರೆ, ಭಾರೀ ಕಲೆ ಅಂತ ನಾನು ನಾಲ್ಕು ಜನರ ಹತ್ರ ಹೊಗಳ್ಕೊಂಡು ತಿರುಗ್ದೆ."

ಟಿಕ್ಕಣ್ಣ ಬಾಗಿಲಿಗೆ ಒರಗಿದವನು ಹಾಗೇ ಜಾರಿ ನೆಲಕ್ಕೆ ಕೂತ. ಎರಡು ತಿಂಗಳಿಂದ ತನ್ನ ಬುದ್ಧಿಯ ಮೇಲೇ ಅವನಿಗೆ ಅನುಮಾನ ಬಂದಿತ್ತು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ನಾಚುತ್ತಿದ್ದ. "ಉಸ್ಸಪ್ಪಾ! ಅಂದ್ರೆ ನಾನು ದಡ್ಡ ಅಲ್ಲ! ಇಲ್ದೇ ಇರೋದು ನಂಗೆ ಸಿಗ್ಲಿಲ್ಲ, ಅಷ್ಟೇ!"

"ಹೂಂ, ಬುದ್ಧಿವಂತ. ಏಳು ಮೇಲೆ," ಎಂದಳು ಚಿತ್ರಕ್ಕ. "ನಿನ್ನ ಟಿಕ್ಕಿಂದ ಮನೆಗೆ ಹೋಗೋರು ಈಗ ನಾಲ್ಕು ಜನ."

ಹಿಂದಿನಿಂದ ಬಾಗಿಲು ಬಡಿದ ಸದ್ದಾಯಿತು. ಯಜಮಾನರು ವಿತರಕರನ್ನು ಕರೆದುಕೊಂಡು ಹತ್ತು ನಿಮಿಷ ಮೊದಲೇ ಬಂದಿದ್ದರು.

ವಿತರಕರು ದಪ್ಪ ಬ್ಯಾಗಿನ, ತೆಳು ಮೀಸೆಯ ಮನುಷ್ಯ. ಕೊಟ್ಟ ಕುರ್ಚಿಯ ತುದಿಯಲ್ಲಿ ಬಿಸಿ ಬಾಣಲೆಯ ಮೇಲೆ ಕೂತವರಂತೆ ಕೂತರು. ಯಜಮಾನರು ಪರದೆ ತೋರಿಸಿದರು. "ಶುರು ಮಾಡ್ರೀ ಟಿಕ್ಕಣ್ಣ. ಸಾರ್, ಕೊನೇ ದೃಶ್ಯ ನೋಡಿದ್ರೆ ನೀವು ಮರೆಯೋದಿಲ್ಲ."

ಟಿಕ್ಕಣ್ಣ ಆಡು ಮೇಯಿಸುವ ಆಳನ್ನು ನಡೆಸಿದ. ದೊಡ್ಡ ಮರಕ್ಕೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಯಜಮಾನರು ಕೆಮ್ಮಿದರು. ಬೇರೆ ದಾರಿಯಿಲ್ಲದೆ ತೋಳದ ಮುಂದೆ ನಿಲ್ಲಿಸಿದ. ‘ಹಗ್ಗ ತಂದೆಯಾ?’ ಎಂದಿತು ತೋಳ.

ಅವನು ಹಿಂದೆ ನೋಡಿದ. ಚಿತ್ರಕ್ಕ ಉಗುರು ಕಚ್ಚುತ್ತಿದ್ದಳು. ಕೋಡಣ್ಣನ ಕಾಲು ಪ್ಲಗ್ಗಿನ ತಂತಿಯತ್ತ ಮೆಲ್ಲನೆ ಚಾಚಿತ್ತು. ತಪ್ಪು ಮಾಡಿದ್ದು ತಾನು, ಇವರು ಯಾಕೆ ಹೋಗಬೇಕು? ಟಿಕ್ಕಣ್ಣ ಕೈ ಒರೆಸಿಕೊಂಡು ಎದ್ದು ನಿಂತ.

"ಸಾರ್, ನಾನೊಂದು ನಿಜ ಹೇಳ್ಬೇಕು. ಈ ಬಾಗಿಲು..."

"ತೆಗೀಬೇಡಿ!" ವಿತರಕರು ಕುರ್ಚಿಯಿಂದಲೇ ಎದ್ದುಬಿಟ್ಟರು. "ತೆಗೀಲೇಬೇಡಿ! ನೀವು ಕಳಿಸಿದ ಪ್ರತೀನ ನಾನು ಮನೇಲೇ ಪೂರ್ತಿ ಆಡಿ ಮುಗಿಸಿದೀನಿ. ಮುಗಿಸದೆ ಯಾವ ಆಟಕ್ಕೂ ಸಹಿ ಹಾಕೋದಿಲ್ಲ, ನಮ್ಮ ಕಂಪನಿ ನಿಯಮ ಅದು. ಮೊದಲನೇ ಸಲದ ಆ ಅನುಭವ ಇದೆಯಲ್ಲ, ಅದು ಹಾಗೇ ಇರ್ಲಿ."

ಕೋಣೆಯಲ್ಲಿ ಮೀನಿನ ಉಸಿರು ಕೇಳುವಷ್ಟು ಮೌನ.

"ಮುಗಿಸಿದ್ರಾ ಸಾರ್?" ಎಂದ ಟಿಕ್ಕಣ್ಣ.

"ಎರಡೇ ದಿನದಲ್ಲಿ. ಗಡ್ಡ ಸ್ವಲ್ಪ ಆಟ ಆಡಿಸ್ತು. ಆಮೇಲೆ ಸಿಕ್ತು. ಆ ಕೊನೇ ದೃಶ್ಯದ ಬಣ್ಣ! ಆ ನೀಲಿ!"

"ತುಂಬಾ ಕಷ್ಟಪಟ್ಟೆ ಸಾರ್ ಅದಕ್ಕೆ," ಎಂದಳು ಚಿತ್ರಕ್ಕ, ಕಣ್ಣು ಮಿಟುಕಿಸದೆ.

"ಆ ಸಂಗೀತ! ರೋಮ ನಿಂತ್ಬಿಟ್ವು."

ಸದ್ದು ಮಾಮ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿದರು.

"ನಾನಂತೂ ನಾಲ್ಕು ಸಲ ನೋಡಿದೀನಿ ಸಾರ್," ಯಜಮಾನರು ಕರವಸ್ತ್ರ ತೆಗೆದರು. "ನಾಲ್ಕು ಸಲಾನೂ ಅತ್ತಿದೀನಿ."

ಟಿಕ್ಕಣ್ಣ ಕೋಡಣ್ಣನನ್ನು ನೋಡಿದ. ಕೋಡಣ್ಣ ಕಾಲನ್ನು ಹಿಂದಕ್ಕೆಳೆದುಕೊಂಡು ಗೋಡೆ ನೋಡಿದ.

ವಿತರಕರು ಬ್ಯಾಗಿನಿಂದ ಕಾಗದ ತೆಗೆದು, ಕೂತೂ ಕೂರದಂತೆ, ಬರಬರನೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಟಕ್ಕೆಂದಾಗ ಕೋಣೆಯಲ್ಲಿ ಆರು ಜನರ ಉಸಿರು ಒಟ್ಟಿಗೆ ಹೊರಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ್ದು ವಿತರಕರದ್ದೇ. ಟಿಕ್ಕಣ್ಣನ ಮೈ ಹಗುರಾಯಿತು. ಕೆಲಸ ಉಳಿಯಿತು, ಮಾನ ಉಳಿಯಿತು, ಇನ್ನು ಜನ್ಮದಲ್ಲಿ ಸುಳ್ಳು ಹೇಳುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದ.

ಬಾಗಿಲವರೆಗೆ ಹೋದ ವಿತರಕರು ನಿಂತರು. ಪೂರ್ತಿ ಆಡಿದವರು ಎಂದ ಮೇಲೆ ಒಂದು ಸಲಹೆಯನ್ನಾದರೂ ಕೊಡದಿದ್ದರೆ ಹೇಗೆ?

"ಒಂದೇ ಒಂದು ಮಾತು. ಕೊನೇ ದೃಶ್ಯ ಸ್ವಲ್ಪ ಉದ್ದ ಆಯ್ತು. ಅರ್ಧಕ್ಕೆ ಇಳಿಸ್ಬಿಡಿ. ಆದ್ರೆ ತೋಳ ಕೊನೇಲಿ ಒಂದು ಮಾತು ಹೇಳುತ್ತಲ್ಲ, ಅದನ್ನ ಮಾತ್ರ ಮುಟ್ಬೇಡಿ. ಇಡೀ ಆಟದ ಜೀವ ಅದು. ನಾಳೆ ಹನ್ನೊಂದಕ್ಕೆ ನಮ್ಮವರೆಲ್ಲ ಒಟ್ಟಿಗೆ ಕೂತು ನೋಡ್ತಾರೆ."

"ನಂಗೂ ಅದೇ ಅನ್ನಿಸ್ತಿತ್ತು ಸಾರ್, ಸ್ವಲ್ಪ ಉದ್ದ," ಎಂದರು ಯಜಮಾನರು. "ಟಿಕ್ಕಣ್ಣ, ನೋಡ್ಕೊಳ್ಳಿ."

"ಸಾರ್... ತೋಳದ ಯಾವ ಮಾತು?"

ವಿತರಕರು ಆಗಲೇ ಎರಡೆರಡು ಮೆಟ್ಟಿಲು ಇಳಿಯುತ್ತಿದ್ದರು. ಯಜಮಾನರು ಕರವಸ್ತ್ರ ಮಡಚುತ್ತ, "ಅದೇ ರೀ, ಆ ಮಾತು. ಆಡಿ ಮುಗಿಸಿದೋರು ನೀವು, ನಿಮಗೆ ಗೊತ್ತಿಲ್ವಾ?" ಎಂದವರೇ ತಮ್ಮ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು.

ನಾಲ್ವರೂ ಪರದೆಯ ಮೇಲಿನ ತೋಳದ ಮುಂದೆ ಬಂದು ನಿಂತರು. ಕೋಡಣ್ಣ ಮೆಲ್ಲಗೆ ಕೇಳಿದ, "ಟಿಕ್ಕಣ್ಣ, ಇಲ್ದೇ ಇರೋದನ್ನ ಅರ್ಧ ಮಾಡಿದ್ರೆ ಎಷ್ಟು ಉಳಿಯುತ್ತೋ?"

"ಅರ್ಧ ಉಳಿಯುತ್ತೆ ಕಣೋ," ಟಿಕ್ಕಣ್ಣ ಕುರ್ಚಿ ಎಳೆದುಕೊಂಡ. "ಹನ್ನೊಂದಕ್ಕೆ ಅವರು ನೋಡೋದು ಅದನ್ನೇ. ಕೂತ್ಕೋ, ರಾತ್ರಿಯೆಲ್ಲ ಬರೀಬೇಕು."